ಪರದೇಶದಲ್ಲಿ ಕನ್ನಡ ಪುಸ್ತಕ: ಗ್ರಾಮಿನ ಲೆಕ್ಕ, ಕಾಗುಣಿತದ ತೊಡಕು

ಮೈಸೂರು, ಮಂಡ್ಯದ ಕಡೆಯಿಂದ ಹೊರದೇಶಕ್ಕೆ ಹೊರಡುವವರ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ ಎಲ್ಲಕ್ಕೂ ಜಾಗ ಆದಮೇಲೆ ಕೊನೆಯಲ್ಲಿ ತುರುಕೋದು ಪುಸ್ತಕ. ತೂಕ ಎರಡು ಕಿಲೋ ಜಾಸ್ತಿ ಬಂತು ಅಂದರೆ ಮೊದಲು ಆಚೆ ಬರೋದೂ ಪುಸ್ತಕವೇ. ಅಲ್ಲಿಗೆ ಹೋಗಿ ಆರು ತಿಂಗಳಾದಮೇಲೆ ಓದೋಕೆ ಏನೂ ಇಲ್ಲ ಅಂತ ಲೈಬ್ರರಿಯ ಕ್ಯಾಟಲಾಗಿನಲ್ಲಿ ಹುಡುಕಿದರೆ ಫಲಿತಾಂಶ ಸೊನ್ನೆ. ಇಲ್ಲಿ ತೂಕವನ್ನು ಕಣ್ಣಂದಾಜಿನಲ್ಲಿ ಹೇಳ್ತೀವಿ, ಅಲ್ಲಿ ಹೆಸರನ್ನು ನಮಗೆ ತೋಚಿದ ಸ್ಪೆಲ್ಲಿಂಗಿನಲ್ಲಿ ಟೈಪ್ ಮಾಡ್ತೀವಿ. ಎರಡೂ ತಪ್ಪು.

ಮೊದಲು ತೂಕ. ಕನ್ನಡ ಪುಸ್ತಕದ ತೂಕ ಆ ಪುಸ್ತಕದೊಳಗೇ ಅಚ್ಚಾಗಿರುತ್ತೆ. ಶೀರ್ಷಿಕೆ ಪುಟದ ಹಿಂಬದಿ ತೆಗೆದು ನೋಡಿ. ಪ್ರಕಾಶಕರ ವಿಳಾಸ, ಹಕ್ಕುಗಳು, ಮುದ್ರಣದ ವರ್ಷ ಆದಮೇಲೆ ಸಣ್ಣಕ್ಷರದಲ್ಲಿ ಹೀಗೊಂದು ಸಾಲು ಇರುತ್ತೆ: ಪುಟಗಳು 12 + 228, ಪ್ರತಿಗಳು 1000, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ, 1/8 ಡೆಮಿ. ಓದುಗರು ಇದನ್ನು ದಾಟಿಕೊಂಡು ಮುನ್ನುಡಿಗೆ ಹೋಗಿಬಿಡ್ತಾರೆ. ಸೂಟ್‌ಕೇಸ್ ಕಟ್ಟುವವರಿಗೆ ಮುನ್ನುಡಿಗಿಂತ ಈ ಸಾಲೇ ಮುಖ್ಯ.

1/8 ಡೆಮಿ ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಷ್ಟು ಅಳತೆಯ ಒಂದು ಹಾಳೆ ಸುಮಾರು 0.03 ಚದರ ಮೀಟರ್. 70 ಜಿಎಸ್‌ಎಂ ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದ. ಗುಣಿಸಿದರೆ ಹಾಳೆಗೆ 2.1 ಗ್ರಾಂ. ಹಾಳೆಗೆ ಎರಡು ಪುಟ, ಹಾಗಾಗಿ ಪುಟಕ್ಕೆ ಒಂದು ಗ್ರಾಂ ಮತ್ತು ಸ್ವಲ್ಪ. 240 ಪುಟದ ಪುಸ್ತಕದ ಒಳಕಾಗದ ಸುಮಾರು 254 ಗ್ರಾಂ, ರಕ್ಷಾಪುಟಕ್ಕೆ 20 ಗ್ರಾಂ, ಒಟ್ಟು 275ರ ಆಸುಪಾಸು. 1/8 ಕ್ರೌನ್ ಇದ್ದರೆ, ಅಂದರೆ ಐದು ಇಂಚಿಗೆ ಏಳೂವರೆ, ಪುಟಕ್ಕೆ 0.85 ಗ್ರಾಂ, ಅದೇ 240 ಪುಟ ರಕ್ಷಾಪುಟವೂ ಸೇರಿ 220 ಗ್ರಾಂ ಆಸುಪಾಸಿಗೆ ಬರುತ್ತೆ. ಕಾಗದ 80 ಜಿಎಸ್‌ಎಂ ಆದರೆ ಡೆಮಿಯಲ್ಲಿ ಪುಟಕ್ಕೆ 1.2 ಗ್ರಾಂ. ಗಟ್ಟಿ ರಟ್ಟಿನ ಬೈಂಡಿಂಗ್ ಇದ್ದರೆ ಇನ್ನೊಂದು 100 ಗ್ರಾಂ ಸೇರಿಸಿಕೊಳ್ಳಿ.

ತಕ್ಕಡಿ ಬೇಕಿಲ್ಲ. 70 ಜಿಎಸ್‌ಎಂ ಡೆಮಿ ಪುಸ್ತಕದ ಒಟ್ಟು ಪುಟಗಳ ಸಂಖ್ಯೆಗೆ ಮೂವತ್ತೈದು ಸೇರಿಸಿ, ಹೆಚ್ಚುಕಡಿಮೆ ಅದೇ ಗ್ರಾಂ. ಅಂಗಡಿಯಲ್ಲೇ ನಿಂತು ಹೇಳಬಹುದು. ಐದು ಕೆಜಿಯ ಪೆಟ್ಟಿಗೆಯಲ್ಲಿ ರಟ್ಟು, ಪ್ಲಾಸ್ಟಿಕ್ಕು ಕಳೆದು ನಾಲ್ಕೂವರೆ ಕೆಜಿ ಪುಸ್ತಕ ಅಂದುಕೊಂಡರೆ 240 ಪುಟದವು ಹದಿನಾರು ಹಿಡಿಯುತ್ತವೆ. ಹದಿನೇಳನೆಯದನ್ನು ತುರುಕಿದರೆ ಕೌಂಟರಿನಲ್ಲಿ ಬಿಚ್ಚಿ ತೆಗೀಬೇಕಾಗುತ್ತೆ.

ಈ ಲೆಕ್ಕ ಗೊತ್ತಾದಮೇಲೆ ಆಯ್ಕೆಯೂ ಬದಲಾಗುತ್ತೆ. ‘ಸಮಗ್ರ’ ಅನ್ನೋ ಹೆಸರಿನ ದಪ್ಪ ಸಂಪುಟಗಳು ನೋಡೋಕೆ ಚೆಂದ, ಬೆಲೆಯೂ ಲಾಭ; ಆದರೆ 800 ಪುಟ, ಗಟ್ಟಿ ರಟ್ಟು ಅಂದರೆ ಒಂದು ಕೆಜಿ ಹತ್ತಿರ ಹತ್ತಿರ. ಅದರಲ್ಲಿ ಅಲ್ಲಿರುವವರು ನಿಜವಾಗಿ ಓದೋದು ಎರಡು ನೂರು ಪುಟ. ಬಿಡಿ ಸಂಕಲನ ಸಿಕ್ಕರೆ ಅದನ್ನೇ ತಗೊಳ್ಳಿ. ಗ್ರಾಮಿನ ಲೆಕ್ಕದಲ್ಲಿ ಕವಿತೆಯಷ್ಟು ಲಾಭದ ಸರಕು ಇನ್ನೊಂದಿಲ್ಲ: ನೂರು ಗ್ರಾಂ ಪುಸ್ತಕ ವರ್ಷಗಟ್ಟಲೆ ಓದಿಸುತ್ತೆ. ಪತ್ತೇದಾರಿ ಕಾದಂಬರಿ ವಿಮಾನದಲ್ಲೇ ಮುಗಿದುಹೋಗುತ್ತೆ.

‘ಪ್ರತಿಗಳು 1000’ ಅನ್ನುವ ಮಾತಿಗೂ ಬೆಲೆ ಕೊಡಿ. ಸಾವಿರ ಪ್ರತಿ ಅಂದರೆ ಗ್ರಂಥಾಲಯಗಳಿಗೆ ಹೋಗಿದ್ದು ಹೋಗಿ ಅಂಗಡಿಗೆ ಬಂದದ್ದು ಸ್ವಲ್ಪ. ಮರುಮುದ್ರಣ ಆಗುತ್ತೆ ಅನ್ನುವ ಭರವಸೆ ಇಲ್ಲ. ಹೆಸರಾಂತ ಲೇಖಕರ ಪುಸ್ತಕ ಮುಂದಿನ ಸಲ ಊರಿಗೆ ಬಂದಾಗಲೂ ಇರುತ್ತೆ, ಆನ್‌ಲೈನಿನಲ್ಲೂ ಇರುತ್ತೆ. ಸಣ್ಣ ಪ್ರಕಾಶನದ ಪುಸ್ತಕ, ಅಭಿನಂದನ ಗ್ರಂಥ, ತಾಲ್ಲೂಕಿನ ಚರಿತ್ರೆ, ಜನಪದ ಸಂಗ್ರಹ, ಇವನ್ನು ಕಂಡಾಗಲೇ ಕೊಳ್ಳಬೇಕು. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ ಇದೆ, ಭಾರತೀಯ ಭಾಷಾ ಸಂಸ್ಥಾನವೂ ಅಲ್ಲೇ ಇದೆ. ಅವರ ಪ್ರಕಟಣೆಗಳು ಎಲ್ಲ ಅಂಗಡಿಗೂ ಬರೋದಿಲ್ಲ, ಖುದ್ದಾಗಿ ಹೋಗೋದೇ ವಾಸಿ. ಮನೆಯಲ್ಲಿ ಸೊಸೆಗೋ ಅಳಿಯನಿಗೋ ಕನ್ನಡ ಬಾರದಿದ್ದರೆ ಭಾಷಾ ಸಂಸ್ಥಾನದ ಕಲಿಕೆಯ ಪುಸ್ತಕ ಕೇಳಿ. 1969ರಲ್ಲಿ ಶುರುವಾದ ಸಂಸ್ಥೆ. ಭಾರತದ ಭಾಷೆಗಳನ್ನು ಕಲಿಸುವುದೇ ಅದರ ದೊಡ್ಡ ಕೆಲಸ. ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಸಣ್ಣ ಪ್ರಕಾಶಕರು ತಾವೇ ಬಂದು ಕೂತಿರ್ತಾರೆ. ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ 87ನೆಯದು ನಡೆಯಿತಲ್ಲ, ಅಂಥ ಕಡೆ ಸಿಗುವ ಪುಸ್ತಕ ಆಮೇಲೆ ಎಷ್ಟು ಅಲೆದರೂ ಸಿಗೋದಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುತ್ತೆ, ಆದರೆ ಕಡಿಮೆ ಬೆಲೆಗೆ ಸಿಕ್ತು ಅಂತ ಎರಡು ಕೆಜಿ ಜಾಸ್ತಿ ಕೊಂಡರೆ ಉಳಿಸಿದ್ದರ ಎಷ್ಟೋ ಪಾಲು ಅಂಚೆಗೆ ಸುರಿಯಬೇಕಾಗುತ್ತೆ.

ಇನ್ನು ಕಳಿಸೋದು. ಹೋಗುವವರ ಸೂಟ್‌ಕೇಸೇ ಅತಿ ಅಗ್ಗದ ದಾರಿ. 23 ಕೆಜಿಯ ಮಿತಿಯಲ್ಲಿ ಖಾಲಿ ಪೆಟ್ಟಿಗೆಯೇ ಮೂರು ನಾಲ್ಕು ಕೆಜಿ ನುಂಗುತ್ತೆ ಅನ್ನೋದನ್ನು ಮರೀಬೇಡಿ. ಉಪ್ಪಿನಕಾಯಿ ಇರುವ ಪೆಟ್ಟಿಗೆಗೆ ಪುಸ್ತಕ ಬೇಡ; ಎಷ್ಟು ಕವರ್ ಸುತ್ತಿದರೂ ಎಣ್ಣೆ ತನ್ನ ದಾರಿ ಕಂಡುಕೊಳ್ಳುತ್ತೆ, ಕಾಗದಕ್ಕೆ ಹತ್ತಿದ ಎಣ್ಣೆ ಹೋಗೋದಿಲ್ಲ. ಕೈಚೀಲದಲ್ಲಿ ಇಟ್ಟರೆ ಒಂದೇ ಅಟ್ಟಿಯಾಗಿ ಇಡಬೇಡಿ, ಎಕ್ಸ್‌ರೇಯಲ್ಲಿ ಒಂದು ಕಪ್ಪು ಇಟ್ಟಿಗೆ ಥರ ಕಂಡು ಚೀಲ ಬಿಚ್ಚಿಸ್ತಾರೆ.

ಅಂಚೆಯಲ್ಲಾದರೆ ಪ್ರಧಾನ ಅಂಚೆ ಕಚೇರಿಗೇ ಹೋಗೋದು ಒಳ್ಳೇದು. ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ದರ 250 ಗ್ರಾಂ ಲೆಕ್ಕದಲ್ಲಿ ಏರುತ್ತೆ. ಮೇಲಿನ ತೂಕದ ಲೆಕ್ಕ ಇಲ್ಲಿ ಕೈಹಿಡಿಯುತ್ತೆ: ಪೆಟ್ಟಿಗೆ 5,020 ಗ್ರಾಂ ಬಂದರೆ 5,250ರ ದುಡ್ಡು ತೆತ್ತಂತೆ. ಆ ಇಪ್ಪತ್ತು ಗ್ರಾಂ ಬಹಳ ಸಲ ಹೆಚ್ಚಾಗಿ ಸುತ್ತಿದ ಅಂಟುಪಟ್ಟಿ, ಇಲ್ಲ ಸಂದಿಗೆ ತುರುಕಿದ ದಿನಪತ್ರಿಕೆ. ಕೊರಿಯರಿನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಗಾತ್ರದ ತೂಕ ತೆಗೀತಾರೆ. ಪುಸ್ತಕಕ್ಕೆ ಈ ಭಯ ಬೇಡ. 30, 25, 20 ಸೆಂಟಿಮೀಟರಿನ ಪೆಟ್ಟಿಗೆಯ ಗಾತ್ರದ ತೂಕ ಮೂರು ಕೆಜಿ. ಪುಸ್ತಕ ಭರ್ತಿ ತುಂಬಿದರೆ ಅದರ ನಿಜವಾದ ತೂಕವೇ ಹತ್ತು ಕೆಜಿ ಸಮೀಪ. ಹಾಗಾಗಿ ಪೆಟ್ಟಿಗೆ ಎರಡಿಂಚು ದೊಡ್ಡದಾದರೂ ನಷ್ಟವಿಲ್ಲ, ಗಟ್ಟಿಯಾಗಿರಲಿ.

ಪುಸ್ತಕವನ್ನು ನಿಲ್ಲಿಸಿ ಜೋಡಿಸಬೇಡಿ, ಮಲಗಿಸಿ. ಬೆನ್ನು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಬರಲಿ. ಈಗಿನ ಪುಸ್ತಕಗಳಲ್ಲಿ ಬಹುಪಾಲು ಅಂಟಿನ ಬೈಂಡಿಂಗು, ಹೊಲಿಗೆ ಇರೋದಿಲ್ಲ. ಓರೆಯಾಗಿ ನಿಂತು ಎರಡು ವಾರ ಕುಲುಕಾಡಿದರೆ ಬೆನ್ನು ಬಿಟ್ಟು ಹಾಳೆ ಕೈಗೆ ಬರುತ್ತೆ. ನಾಲ್ಕು ನಾಲ್ಕು ಪುಸ್ತಕ ಒಂದು ಪ್ಲಾಸ್ಟಿಕ್ ಕವರಿನೊಳಗೆ, ಆಮೇಲೆ ಐದು ಪದರದ ರಟ್ಟಿನ ಪೆಟ್ಟಿಗೆ. ಮೂಲೆಗಳಲ್ಲಿ ಟೊಳ್ಳು ಉಳಿಯಬಾರದು. ಒಳಗೆ ಮೇಲುಗಡೆ ಎರಡೂ ಕಡೆಯ ವಿಳಾಸ, ಪುಸ್ತಕಗಳ ಪಟ್ಟಿ ಬರೆದ ಒಂದು ಹಾಳೆ ಇಡಿ. ಹೊರಗಿನ ಚೀಟಿ ಕಿತ್ತುಹೋದರೆ ಅದೊಂದೇ ಗತಿ. ಪೂರ್ತಿ ಅಂಟಿಸಿಕೊಂಡು ಹೋಗಬೇಡಿ, ಒಳಗೆ ಏನಿದೆ ಅಂತ ತೋರಿಸಬೇಕಾಗುತ್ತೆ. ಟೇಪು, ಕತ್ತರಿ, ಗುರುತಿನ ಚೀಟಿಯ ಜೆರಾಕ್ಸು ಜೊತೆಗಿರಲಿ.

ಕಸ್ಟಮ್ಸ್ ಘೋಷಣೆಯಲ್ಲಿ ಬರೀ ‘ಗಿಫ್ಟ್’ ಅಂತ ಬರೆಯೋದು ಎಲ್ಲರೂ ಮಾಡುವ ತಪ್ಪು. ‘ಕನ್ನಡದ ಮುದ್ರಿತ ಪುಸ್ತಕಗಳು, 16, ಸ್ವಂತ ಓದಿಗೆ, ಉಡುಗೊರೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದು, ಸರಕಿನ ಸಂಕೇತ 490199 ಹಾಕಿ, ಬಿಲ್ಲಿನಲ್ಲಿರುವ ಬೆಲೆಯನ್ನೇ ನಮೂದಿಸಿ. ಬೆಲೆ ಸೊನ್ನೆ ಅಂತ ಬರೆದರೆ ಅನುಮಾನವೂ ಬರುತ್ತೆ, ಕಳೆದುಹೋದರೆ ಪರಿಹಾರ ಕೇಳೋಕೆ ಬಾಯಿಯೂ ಇರೋದಿಲ್ಲ. ಅಲ್ಲಿನ ತೆರಿಗೆ ದೇಶಕ್ಕೊಂದು ಥರ. ಬ್ರಿಟನ್, ಐರ್ಲೆಂಡಿನಲ್ಲಿ ಅಚ್ಚಾದ ಪುಸ್ತಕಕ್ಕೆ ವ್ಯಾಟ್ ಸೊನ್ನೆ. ಜರ್ಮನಿಯಲ್ಲಿ ಶೇ. 7, ಫ್ರಾನ್ಸಿನಲ್ಲಿ ಶೇ. 5.5, ಆದರೆ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಕಳಿಸುವ 45 ಯೂರೋವರೆಗಿನ ಉಡುಗೊರೆಗೆ ಐರೋಪ್ಯ ಒಕ್ಕೂಟದಲ್ಲಿ ವಿನಾಯಿತಿ ಇದೆ. ಕೆನಡಾದಲ್ಲಿ ಉಡುಗೊರೆಯ ಮಿತಿ 60 ಡಾಲರ್. ಹೀಗಾಗಿ ಹತ್ತು ಕೆಜಿಯ ಒಂದು ಪೆಟ್ಟಿಗೆಗಿಂತ ಬೇರೆ ಬೇರೆ ತಿಂಗಳಲ್ಲಿ ಎರಡು ಸಣ್ಣ ಪೆಟ್ಟಿಗೆ ಕಳಿಸೋದು ಜಾಣತನ. ಅಮೆರಿಕದ ಕಥೆ ಈಚೆಗೆ ಬದಲಾಗಿದೆ. 800 ಡಾಲರ್‌ವರೆಗಿನ ಸರಕಿಗಿದ್ದ ವಿನಾಯಿತಿ 2025ರ ಆಗಸ್ಟಿನಲ್ಲಿ ರದ್ದಾಯಿತು; ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಶುರು ಮಾಡಿತು. ಅಲ್ಲಿಗೆ ಕಳಿಸುವ ಮುಂಚೆ ಆ ವಾರದ ನಿಯಮವನ್ನು ಕೌಂಟರಿನಲ್ಲೇ ಕೇಳಿ, ಹಿಂದೆ ಕಳಿಸಿದವರ ಮಾತು ನಂಬಿ ಹೋಗಬೇಡಿ.

ಹಳೇ ಪುಸ್ತಕ ಕಳಿಸುವಾಗ ಒಂದೊಂದನ್ನೂ ಬೆನ್ನು ಹಿಡಿದು ತಲೆಕೆಳಗು ಮಾಡಿ ಒದರಿ. ನಮ್ಮ ಮನೆಗಳ ಪುಸ್ತಕದಲ್ಲಿ ಏನೇನು ಇರುತ್ತೆ ನೋಡಿ: ಹುಳ ಬಾರದಿರಲಿ ಅಂತ ಇಟ್ಟ ಬೇವಿನ ಎಲೆ, ದೇವಸ್ಥಾನದ ಹೂವು, ಅಕ್ಷತೆ, ಮರಿ ಹಾಕುತ್ತೆ ಅಂತ ಶಾಲೆಯ ಹುಡುಗಿ ಬಚ್ಚಿಟ್ಟ ನವಿಲುಗರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಜೈವಿಕ ಸುರಕ್ಷತಾ ತಪಾಸಣೆಯಲ್ಲಿ ಗಿಡದ ಚೂರು, ಕಾಳು, ಗರಿ ಯಾವುದು ಸಿಕ್ಕಿದರೂ ಪೆಟ್ಟಿಗೆ ಪಕ್ಕಕ್ಕೆ ಹೋಗುತ್ತೆ. ನವಿಲುಗರಿಯನ್ನಂತೂ ನಮ್ಮ ದೇಶದಿಂದಲೇ ಹೊರಗೆ ಕಳಿಸುವಂತಿಲ್ಲ. ಅಟ್ಟದ ಮೇಲಿನ ತಾಳೆಗರಿ ಕಟ್ಟು, ಮುತ್ತಾತನ ಕೈಬರಹದ ಪುಸ್ತಕ ‘ನೆನಪಿಗಿರಲಿ’ ಅಂತ ಸೇರಿಸೋದೂ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಇಲ್ಲವೇ ಸಾಹಿತ್ಯಕ ಮೌಲ್ಯದ ಹಸ್ತಪ್ರತಿಯೂ ಪ್ರಾಚ್ಯವಸ್ತುವೇ. ಫೋಟೋ ತೆಗೆದು ಕಳಿಸಿ, ಮೂಲ ಇಲ್ಲೇ ಇರಲಿ.

ಈಗ ಕಾಗುಣಿತದ ವಿಷಯ. ಪರದೇಶದ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕ ಇಲ್ಲ ಅನ್ನೋದು ಅರ್ಧ ಸುಳ್ಳು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರಾಶಿ ಇದೆ, ಅದಕ್ಕೆ ಕಾರಣ ಗೋಧಿ! 1954ರ ‘ಪಬ್ಲಿಕ್ ಲಾ 480’ ಅನ್ನುವ ಅಮೆರಿಕದ ಕಾಯ್ದೆಯಡಿ ಬಂದ ಗೋಧಿಗೆ ಭಾರತ ರೂಪಾಯಿಯಲ್ಲಿ ದುಡ್ಡು ಕೊಡ್ತಿತ್ತು. ಆ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ಲೈಬ್ರರಿಗಳಿಗೆ ಹಂಚಿತು. ಗೋಧಿ ನಿಂತಮೇಲೂ ಪುಸ್ತಕ ಕೊಳ್ಳೋದು ನಿಲ್ಲಲಿಲ್ಲ. ಶಿಕಾಗೋ, ವಿಸ್ಕಾನ್ಸಿನ್, ಬರ್ಕ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳ ಕಪಾಟಿನಲ್ಲಿ ನಮ್ಮೂರಲ್ಲೇ ಸಿಗದ ಹಳೇ ಮುದ್ರಣಗಳು ಕೂತಿರೋದು ಹೀಗೆ. ಜರ್ಮನಿಯಲ್ಲಿ ಹೈಡಲ್‌ಬರ್ಗಿನ ದಕ್ಷಿಣ ಏಷ್ಯಾ ಸಂಸ್ಥೆ, ಲಂಡನ್ನಿನಲ್ಲಿ ಸೋವಾಸ್ ಲೈಬ್ರರಿ.

ಇವು ಹುಡುಕಿದರೆ ಯಾಕೆ ಸಿಗೋದಿಲ್ಲ ಅಂದರೆ, ಕ್ಯಾಟಲಾಗು ಮಾಡುವವರು ಕನ್ನಡವನ್ನು ರೋಮನ್ ಅಕ್ಷರಕ್ಕೆ ಇಳಿಸುವ ನಿಯಮ ನಾವು ವಾಟ್ಸಾಪಿನಲ್ಲಿ ಟೈಪ್ ಮಾಡುವ ಥರ ಇಲ್ಲ. ಅಲ್ಲಿ ‘ಚ’ ಅಂದರೆ ಬರೀ ‘ಸಿ’ ಅಕ್ಷರ. ‘ಸಿ’ ಮುಂದೆ ‘ಎಚ್’ ಹಾಕಿದರೆ ಅದು ‘ಛ’. ಮೈಸೂರು ಸೀಮೆಯ ಚದುರಂಗರ ಪುಸ್ತಕ ಬೇಕು ಅಂದರೆ ‘ಸಿ-ಎ-ಡಿ-ಯು-ಆರ್-ಎ-ಎನ್-ಜಿ-ಎ’ ಅಂತ ಹೊಡೀಬೇಕು. ‘ತ’ ಬರೀ ‘ಟಿ’, ‘ಟಿ-ಎಚ್’ ಅಂದರೆ ‘ಥ’. ಹಾಗಾಗಿ ಸೀತೆಯ ಹೆಸರಲ್ಲಿ ‘ಎಚ್’ ಇಲ್ಲ, ‘ಡಬಲ್ ಇ’ಯೂ ಇಲ್ಲ, ದೀರ್ಘಕ್ಕೆ ಅಕ್ಷರದ ಮೇಲೊಂದು ಗೆರೆ ಅಷ್ಟೇ, ಅದನ್ನು ಬಿಟ್ಟು ಟೈಪ್ ಮಾಡಿದರೂ ನಡೆಯುತ್ತೆ. ‘ಶ’, ‘ಷ’ ಎರಡಕ್ಕೂ ‘ಎಸ್’ ಮೇಲೋ ಕೆಳಗೋ ಒಂದು ಗುರುತು. ಶಿವ ಅಂದರೆ ‘ಎಸ್-ಐ-ವಿ-ಎ’. ‘ಸ್ವಾಮಿ’ಯಲ್ಲಿ ‘ಡಬ್ಲ್ಯು’ ಬರೋದಿಲ್ಲ, ‘ವಿ’. ‘ಜ್ಞಾನ’ ಶುರುವಾಗೋದು ‘ಜೆ-ಎನ್’ನಿಂದ, ‘ಜಿ’ಯಿಂದ ಅಲ್ಲ. ‘ಕೃತಿ’ಯಲ್ಲಿ ‘ಯು’ ಇಲ್ಲ: ‘ಕೆ-ಆರ್-ಟಿ-ಐ’.

ಇನಿಶಿಯಲ್ಲು ಇನ್ನೂ ತಮಾಷೆ. ಪುಸ್ತಕದ ಮೇಲೆ ‘ಕೆ. ಎಸ್. ನರಸಿಂಹಸ್ವಾಮಿ’ ಅಂತ ಕನ್ನಡದಲ್ಲಿ ಇದೆಯಲ್ಲ, ಅದನ್ನು ಅಕ್ಷರಶಃ ಇಳಿಸ್ತಾರೆ: ‘ಕೆ-ಇ, ಇ-ಎಸ್’. ಕಿಕ್ಕೇರಿಯ ಕವಿ ಅಲ್ಲಿ ಹೀಗೆ ಅಡಗಿ ಕೂತಿರ್ತಾರೆ. ಭೈರಪ್ಪನವರ ಹೆಸರಿನಲ್ಲಿ ‘ವೈ’ ಹುಡುಕಬೇಡಿ, ‘ಎ-ಐ’ ಹಾಕಿ. ಕಾವ್ಯನಾಮ ಇರುವವರನ್ನು ಎರಡೂ ಹೆಸರಲ್ಲಿ ನೋಡಿ. ಹೊಸ ದಾಖಲೆಗಳಲ್ಲಿ ಕನ್ನಡ ಲಿಪಿಯೂ ಇರುತ್ತೆ, ಹಳೆಯವುಗಳಲ್ಲಿ ಇರೋದಿಲ್ಲ, ಆದ್ದರಿಂದ ರೋಮನ್ನಿನಲ್ಲೇ ಮೊದಲು ಹುಡುಕಿ. ಏನು ಬೇಕು ಅಂತ ಗೊತ್ತಿಲ್ಲದೆ ಸುಮ್ಮನೆ ಕಪಾಟು ನೋಡೋ ಆಸೆಯಿದ್ದರೆ ಜಗತ್ತಿನ ಲೈಬ್ರರಿಗಳ ಒಟ್ಟು ಕ್ಯಾಟಲಾಗಾದ ವರ್ಲ್ಡ್‌ಕ್ಯಾಟ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಸೀಮಿತ ಮಾಡಿ. ಕ್ಯಾಟಲಾಗಿನಲ್ಲಿ ನಮ್ಮ ಭಾಷೆಯ ಸಂಕೇತ ‘ಕೆ-ಎ-ಎನ್’.

ಪುಸ್ತಕ ಸಿಕ್ಕಿತು ಅನ್ನಿ. ಅದು ಸಾವಿರ ಮೈಲಿ ಆಚೆಯ ವಿಶ್ವವಿದ್ಯಾಲಯದಲ್ಲಿದ್ದರೂ ಪರವಾಗಿಲ್ಲ. ದಾಖಲೆಯಲ್ಲಿರುವ ‘ಓಸಿಎಲ್‌ಸಿ’ ಸಂಖ್ಯೆ (ಆ ದಾಖಲೆಯ ಗುರುತು ಸಂಖ್ಯೆ) ಬರೆದುಕೊಂಡು ನಿಮ್ಮ ನಗರದ ಸಾರ್ವಜನಿಕ ಲೈಬ್ರರಿಗೆ ಹೋಗಿ ಅಂತರ್‌ಗ್ರಂಥಾಲಯ ಎರವಲು ಕೇಳಿ. ಬರೀ ಹೆಸರು ಹೇಳಿದರೆ ಕೌಂಟರಿನಲ್ಲಿರುವವರು ಮತ್ತದೇ ಸ್ಪೆಲ್ಲಿಂಗಿನ ಗುಂಡಿಗೆ ಬೀಳ್ತಾರೆ. ಸಂಖ್ಯೆ ಕೊಟ್ಟರೆ ತಪ್ಪೋಕೆ ಜಾಗವಿಲ್ಲ. ಅಮೆರಿಕದಲ್ಲಿ ಬಹಳ ಕಡೆ ಇದು ಉಚಿತ, ಜರ್ಮನಿಯಲ್ಲಿ ಸಾಮಾನ್ಯವಾಗಿ ಒಂದು ಕೋರಿಕೆಗೆ ಒಂದೂವರೆ ಯೂರೋ. ಜೊತೆಗೆ ಅಲ್ಲೇ ‘ಈ ಪುಸ್ತಕ ತರಿಸಿ’ ಅನ್ನುವ ನಮೂನೆ ಇರುತ್ತೆ. ಒಬ್ಬರೇ ಹತ್ತು ಪುಸ್ತಕ ಕೇಳೋದಕ್ಕಿಂತ ಕನ್ನಡ ಕೂಟದ ಹತ್ತು ಜನ ಒಂದೇ ಪುಸ್ತಕ ಕೇಳಿದರೆ ಕೆಲಸ ಆಗುತ್ತೆ.

ದುಡ್ಡಿಲ್ಲದೆ ಓದೋಕೆ ಇಂಟರ್ನೆಟ್ ಆರ್ಕೈವ್ ಇದ್ದೇ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನುಗಳು ಅಲ್ಲಿವೆ. ಹೆಸರುಗಳ ಕಾಗುಣಿತ ಮಾತ್ರ ಯಾವ ನಿಯಮಕ್ಕೂ ಸೇರಿಲ್ಲ, ಒಂದೇ ಪದ ನಾಲ್ಕು ಥರ. ಲೇಖಕರ ಹೆಸರಿನ ಒಂದು ತುಣುಕು ಹಾಕಿ ಭಾಷೆ ಕನ್ನಡ ಅಂತ ಸೋಸಿ. ಇಳಿಸಿಕೊಳ್ಳುವ ಮುಂಚೆ ಕೊನೆಯ ಹತ್ತು ಪುಟ ನೋಡಿ. ಕೊನೆಯ ಅಧ್ಯಾಯವೇ ಇಲ್ಲದ ಸ್ಕ್ಯಾನುಗಳಿವೆ. ಅಲ್ಲೇ ಇರುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದ ಸ್ಕ್ಯಾನುಗಳು ಹೆಚ್ಚು ಸ್ವಚ್ಛ. ಹಕ್ಕಿನ ಮಾತೂ ತಿಳಿದಿರಲಿ: ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದಮೇಲೆ 60 ವರ್ಷ. ಮೈಸೂರಿನಲ್ಲಿ ಬಾಳಿದ ತ್ರಿವೇಣಿ 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು ಭಾರತದಲ್ಲಿ 2024ರ ಜನವರಿ 1ರಿಂದ ಮುಕ್ತ. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರದು 2036ಕ್ಕೆ. ಅಮೆರಿಕದ ಕಾನೂನು ಬೇರೆ, ಅಲ್ಲಿ ಇಂಥ ಹಳೇ ಪುಸ್ತಕಕ್ಕೆ ಪ್ರಕಟವಾದಾಗಿನಿಂದ 95 ವರ್ಷ ಎಣಿಸ್ತಾರೆ. ಈಗಿನ ಲೇಖಕರದು ಬೇಕಾದರೆ ಮೈಲ್ಯಾಂಗ್‌ನಂಥ ಆ್ಯಪುಗಳಲ್ಲಿ ಇ-ಪುಸ್ತಕ, ಆಡಿಯೋ ಎರಡೂ ಕೊಳ್ಳಬಹುದು. ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್: ಕನ್ನಡದ ಚಿತ್ರಕಥೆಗಳು ನಾಲ್ಕು ಹಂತದಲ್ಲಿ, ಪೂರ್ತಿ ಉಚಿತ, ಪ್ರಿಂಟ್ ತೆಗೆದು ಹೊಲಿದುಕೊಳ್ಳಬಹುದು. ಅಲ್ಲೇ ಹುಟ್ಟಿದ ಮಗುವಿಗೆ ವಯಸ್ಸು ನೋಡಿ ಹಂತ ಆರಿಸಬೇಡಿ, ಓದುವ ತಾಕತ್ತು ನೋಡಿ; ಒಂಬತ್ತು ವರ್ಷದ ಮಗುವಿಗೂ ಒಂದನೇ ಹಂತವೇ ಸರಿ.

ಸ್ಕ್ಯಾನ್ ಪುಸ್ತಕ ಓದುವಾಗ ಮತ್ತೆ ಆ ಡೆಮಿ ಅಳತೆಗೇ ಬರಬೇಕು. ಆರಿಂಚಿನ ಓದುಯಂತ್ರದ ಪರದೆ ಸುಮಾರು 3.6 ಇಂಚು ಅಗಲ, 4.8 ಎತ್ತರ. ಎಂಟೂವರೆ ಇಂಚಿನ ಪುಟ ಅದರಲ್ಲಿ ಶೇ. 56ಕ್ಕೆ ಕುಗ್ಗುತ್ತೆ. ಇಂಗ್ಲಿಷ್ ಅಕ್ಷರವಾದರೆ ಕಣ್ಣು ಕಿರಿದು ಮಾಡಿ ಓದಬಹುದು. ಕನ್ನಡದಲ್ಲಿ ಮೊದಲು ಅಳಿಸಿಹೋಗೋದು ಒತ್ತಕ್ಷರ, ಆಮೇಲೆ ‘ಪ’ ಯಾವುದು ‘ಷ’ ಯಾವುದು ತಿಳಿಯೋದಿಲ್ಲ. ಯಂತ್ರವನ್ನು ಅಡ್ಡ ಹಿಡೀರಿ, ಅಗಲ 4.8 ಇಂಚು ಸಿಗುತ್ತೆ, ಪುಟ ಶೇ. 87ಕ್ಕೆ ಬರುತ್ತೆ, ಅರ್ಧರ್ಧ ಪುಟ ಓದಬೇಕು ಅಷ್ಟೇ. ಅಂಚು ಕತ್ತರಿಸುವ ಸೌಲಭ್ಯ ಇದ್ದರೆ ಎರಡೂ ಬದಿಯಿಂದ ಮುಕ್ಕಾಲು ಮುಕ್ಕಾಲು ಇಂಚು ತೆಗೆದುಬಿಡಿ. ಉಳಿಯೋದು ನಾಲ್ಕಿಂಚಿನ ಅಚ್ಚಿನ ಭಾಗ, ಅದು 4.8 ಇಂಚಿಗೆ ಹಿಗ್ಗಿ ಕಾಗದದ ಪುಸ್ತಕಕ್ಕಿಂತ ದಪ್ಪಕ್ಷರದಲ್ಲಿ ಕಾಣುತ್ತೆ.